ನನ್ನಲ್ಲಿಲ್ಲದ ಬಿಳಿ ಕುದುರೆ

ಬಳಗಾನೂರು
ಭಾನುವಾರ, 9-2-2025

ನನ್ನ ಮುದ್ದಿನ ಅಶ್ವಿನೀ,

ಆರಾಮಿದ್ದೀಯಾ? ಮುದಗಲ್ಲಿನ ಬಿಸಿಲಲ್ಲಿ ಮನೆಮನೆ ತಿರುಗಿ ಪ್ರಶ್ನೆ ಕೇಳುವ ನೌಕರಿ ಸಿಕ್ಕಿದೆ ಎಂದು ನಿನ್ನ ಅವ್ವ ಹೇಳಿದಳು. ತಲೆಗೆ ವೇಲು ಹೊದ್ದುಕೊಂಡು ತಿರುಗು, ಮಧ್ಯಾಹ್ನದ ಊಟ ತಪ್ಪಿಸಬೇಡ. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಅವ್ವನ ಮೊಣಕಾಲು ಮಾತ್ರ ಅವಳ ಹಾಗೆಯೇ, ಯಾರ ಮಾತೂ ಕೇಳುವುದಿಲ್ಲ. ನೀನು ಕಳಿಸಿದ ಎರಡು ಸ್ಟೀಲಿನ ಬೋಗುಣಿ ತಲುಪಿದವು. ಮಗಳ ನೌಕರಿಯ ಬೋಗುಣಿ ಎಂದು ಓಣಿಗೆಲ್ಲ ತೋರಿಸಿ ಬಂದಿದ್ದಾಳೆ. ಫೋನು ಬಿಟ್ಟು ಮಾಮ ಕಾಗದ ಏಕೆ ಬರೆದ ಎಂದು ನಗಬೇಡ. ನಾನು ಓದಿದ್ದು ಏಳನೆಯ ಕ್ಲಾಸಾದರೂ ನನ್ನ ಅಕ್ಷರ ನೋಡಿ ನಮ್ಮ ಮಾಸ್ತರರು ತಮ್ಮ ಅರ್ಜಿಗಳನ್ನು ನನ್ನಿಂದಲೇ ಬರೆಸುತ್ತಿದ್ದರು. ಮೇಲಾಗಿ ಈಗ ಫೋನಿನ ಮೇಲೆ ನನಗೆ ಗುಮಾನಿ ಬಂದಿದೆ. ಯಾಕೆ ಎಂದು ಹೇಳುತ್ತೇನೆ, ಕೇಳು.

ದೀಪಾವಳಿ ಮುಗಿದ ಮೇಲೆ ನಮ್ಮ ಓಣಿಗೆ ಒಬ್ಬ ಹುಡುಗಿ ಬಂದಳು. ಕೈಯಲ್ಲಿ ದೊಡ್ಡ ಫೋನು, ಬಾಯಲ್ಲಿ ಸಕ್ಕರೆಯಂಥ ಮಾತು. ಉತ್ತರ ಕೊಟ್ಟವರಿಗೆಲ್ಲ ಒಂದೊಂದು ಬೋಗುಣಿ. ನಿನ್ನ ಅವ್ವ ಅರ್ಧ ತಾಸು ಮಾತಾಡಿದಳು. ಎದುರು ಮನೆಯ ಕುರಿಗಾರರ ಗದ್ದೆಮ್ಮ ಅದಕ್ಕಿಂತ ಹೆಚ್ಚು ಮಾತಾಡಿದಳು. ನನ್ನ ಸರದಿ ಬಂದಾಗ ಆ ಹುಡುಗಿ, "ಕಾಕಾ, ನಿಮಗ ಯಾತರ ಹೆದರಿಕಿ ಐತ್ರಿ?" ಎಂದಳು. ಹೆದರಿಕೆ ಎಂಬುದು ನನ್ನ ಜಾತಕದಲ್ಲೇ ಇಲ್ಲ, ನಿನಗೆ ಗೊತ್ತಲ್ಲ. ಆದರೂ ಬೋಗುಣಿ ಬಿಡುವುದೇ? "ನನ್ನ ಬಿಳಿ ಕುದುರಿ ಯಾರರ ಕದ್ದಾರು ಅಂತ ಕಣ್ಣಿಗೆ ನಿದ್ದಿ ಇಲ್ಲವಾ ತಂಗಿ" ಎಂದುಬಿಟ್ಟೆ. ತಲೆ ಎತ್ತದೆ ಬರೆದುಕೊಂಡಳು. ನಮ್ಮ ವಂಶದಲ್ಲಿ ಕುದುರೆ ಏರಿದವನು ಒಬ್ಬನೂ ಇಲ್ಲ, ಮದುವೆಯ ದಿನ ನಾನೂ ಟ್ರ್ಯಾಕ್ಟರಿನಲ್ಲೇ ಬಂದವನು. ಆಮೇಲೆ, "ಊರಾಗ ಎಲ್ಲಾರೂ ಕೂಡೋದು ಎಲ್ರಿ?" ಎಂದು ಕೇಳಿದಳು. ಇದಕ್ಕೆ ಮಾತ್ರ ನಿಜ ಹೇಳಿದೆ. ಮೆಹಬೂಬ್‌ಬೀಯ ಗಿರಣಿ, ಅಲ್ಲಿ ಮುಂಜಾನೆ ಆಡಿದ ಮಾತು ಸಂಜೆಗೆ ಎಲ್ಲರ ಒಲೆಯ ಮುಂದೆ ಇರುತ್ತದೆ ಎಂದು ಜಂಬದಿಂದ ಹೇಳಿದೆ. ಆ ಮಾತು ಏಕಾದರೂ ಆಡಿದೆನೋ ಎನಿಸುತ್ತಿದೆ ಈಗ.

ಸಂಕ್ರಾಂತಿಯ ಹೊತ್ತಿಗೆ ಫೋನಿಗೆ ಮೆಸೇಜು ಬರತೊಡಗಿದವು. ಗದ್ದೆಮ್ಮನಿಗೆ ಬಂದದ್ದು, ಗಿರಣಿಯವರ ಕಡೆಯವರು ಕುರಿ ಕುಡಿಯುವ ನೀರಿಗೆ ಔಷಧಿ ಹಾಕುತ್ತಾರೆ ಎಂದು. ನಿನ್ನ ಅವ್ವನಿಗೆ ಬಂದದ್ದು, ಪರಸ್ಥಳದಲ್ಲಿರುವ ಹೆಣ್ಣುಮಕ್ಕಳ ನಂಬರನ್ನು ಗಿರಣಿಯಲ್ಲಿ ಬರೆದುಕೊಂಡು ಕೆಟ್ಟವರಿಗೆ ಕೊಡುತ್ತಾರೆ ಎಂದು. ಅವಳು ನನಗೂ ಹೇಳದೆ, ಜೋಳದ ಡಬ್ಬಿ ಹೊತ್ತು ಅದೇ ಮೊಣಕಾಲಿನಲ್ಲಿ ಹಿಟ್ಟು ಹಾಕಿಸಲು ಮಸ್ಕಿಯ ಬಸ್ಸು ಹತ್ತಿದಳು. ಇಪ್ಪತ್ತು ವರ್ಷ ಮೆಹಬೂಬ್‌ಬೀಯ ಹಿಟ್ಟಿನ ರೊಟ್ಟಿ ತಿಂದವಳು! ಒಬ್ಬೊಬ್ಬರಾಗಿ ಎಲ್ಲರೂ ಹೋಗುವುದು ನಿಲ್ಲಿಸಿದರು. ಯಾರೂ ಜಗಳ ಮಾಡಲಿಲ್ಲ, ಯಾರೂ ಮೆಹಬೂಬ್‌ಬೀಗೆ ಕಾರಣ ಹೇಳಲಿಲ್ಲ. ನಿಜ ಹೇಳಬೇಕೆಂದರೆ ಎರಡು ವಾರ ನಾನೂ ಆ ಕಡೆ ತಲೆ ಹಾಕಲಿಲ್ಲ. ಒಂದು ದಿನ ಅವಳೇ ನನ್ನನ್ನು ದಾರಿಯಲ್ಲಿ ತಡೆದು, "ಅಮರಗುಂಡಣ್ಣ, ನಂದು ಏನು ತಪ್ಪೈತಿ ಅಂತರ ಹೇಳ್ರಿ. ಉಗಾದಿ ಆದಮ್ಯಾಗ ಮಷೀನು ಮಾರಿ ಮಗಳ ಊರಿಗೆ ಹೋಗ್ತೀನಿ" ಎಂದಳು. ಮಾತಿನಲ್ಲಿ ಯಾರಿಗೂ ಸೋಲದ ನಾನು ಬಸ್ಸಿಗೆ ಹೊತ್ತಾಯಿತು ಎಂದು ಸುಳ್ಳು ಹೇಳಿ ಜಾರಿಕೊಂಡೆ.

ಅದಾದ ಮೂರನೆಯ ದಿನ ನನ್ನ ಫೋನಿಗೂ ಒಂದು ಬಂತು. "ಎಚ್ಚರಿಕೆ! ಬಿಳಿ ಕುದುರೆ ಸಾಕಿದವರು ಕಾವಲಿರಿ. ಕಳ್ಳರಿಗೆ ಗಿರಣಿಯಲ್ಲಿ ಆಶ್ರಯ." ಮೊದಲು ನಕ್ಕೆ. ಆಮೇಲೆ ಮತ್ತೊಮ್ಮೆ ಓದಿದೆ. ಆ ಕುದುರೆ ಹುಟ್ಟಿದ್ದು ನನ್ನ ನಾಲಿಗೆಯ ಮೇಲೆ. ಆ ಹುಡುಗಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅಂದರೆ ಯಾರೋ ನಮ್ಮ ನಮ್ಮ ಹೆದರಿಕೆಯನ್ನೇ ಕೇಳಿಕೊಂಡು ಹೋಗಿ, ಅದನ್ನೇ ರುಬ್ಬಿ ನಮಗೇ ಬಡಿಸುತ್ತಿದ್ದಾರೆ. ಯಾರು? ಪಂಚಾಯಿತಿ ಚುನಾವಣೆಯವರೋ, ಮತ್ತೊಬ್ಬರೋ, ಗೊತ್ತಿಲ್ಲ. ಗಿರಣಿಯನ್ನೇ ಏಕೆ ಹಿಡಿದರು ಎಂಬುದು ಮಾತ್ರ ಗೊತ್ತಾಯಿತು. ಅಲ್ಲಿ ನಾಲ್ಕು ಜನ ಸಾಲಿನಲ್ಲಿ ಕೂತರೆ ಒಬ್ಬರ ಮೆಸೇಜು ಇನ್ನೊಬ್ಬರು ಕೇಳಿ ಸುಳ್ಳು ಬಯಲಿಗೆಳೆದುಬಿಡುತ್ತಾರಲ್ಲ.

ನಿನ್ನೆ ಜೋಳದ ಡಬ್ಬಿ ತಲೆಯ ಮೇಲಿಟ್ಟುಕೊಂಡು ಓಣಿಯ ನಡುವೆ ನಿಂತು, "ನನ್ನ ಬಿಳಿ ಕುದುರಿ ಹೋತಲೇ!" ಎಂದು ಬಾಯಿ ಬಡಿದುಕೊಂಡೆ. ಇಡೀ ಓಣಿ ಹೊರಗೆ ಬಂತು. ಗದ್ದೆಮ್ಮ, "ನಿನಗ ಕತ್ತಿ ಸಾಕೋ ಯೋಗ್ಯತಿ ಇಲ್ಲ, ಕುದುರಿ ಎಲ್ಲಿಂದ ಬಂತೋ ಎಪ್ಪಾ?" ಎಂದಳು. "ಹಂಗಾದ್ರ ಇದನ್ನ ಓದಿಸು" ಎಂದು ಫೋನು ಅವಳ ಕೈಗಿಟ್ಟೆ. ಅವಳ ಮೊಮ್ಮಗಳು ಗಟ್ಟಿಯಾಗಿ ಓದಿದಳು. ನಾನು ಬೋಗುಣಿಗಾಗಿ ಹೇಳಿದ ಸುಳ್ಳನ್ನೂ ಬಿಚ್ಚಿ ಹೇಳಿದೆ. ನಗು ನಿಂತಿತು. "ಕುರಿದು ನಾನೂ ಆಕಿ ಮುಂದ ಹೇಳಿದ್ದೆ" ಎಂದು ಗದ್ದೆಮ್ಮ ಮೆಲ್ಲಗೆ ಅಂದಳು. ನಿನ್ನ ಅವ್ವ ಒಳಗೆ ಹೋಗಿ ಡಬ್ಬಿ ತಂದು ನನ್ನ ಹಿಂದೆ ನಡೆದಳು. ಗಿರಣಿಯಲ್ಲಿ ನಮ್ಮ ಜೋಳದ ಬೆನ್ನಿಗೇ ಗದ್ದೆಮ್ಮ ಮತ್ತು ಓಣಿಯ ಕೆಲವರು ಬಂದು ತಮ್ಮ ಜೋಳ ಸುರಿದರು. ಒಬ್ಬರ ಕೊನೆಯ ಹಿಡಿ ಹಿಟ್ಟು ಇನ್ನೊಬ್ಬರ ಡಬ್ಬಿಗೆ ಬೀಳುವುದು ಅಲ್ಲಿ ಮೊದಲಿನಿಂದಲೂ ಇದ್ದದ್ದೇ. ಮೆಹಬೂಬ್‌ಬೀ ಸೆರಗಿನಿಂದ ಮುಖ ಒರೆಸಿಕೊಂಡು ಮಷೀನಿನ ಬೆಲ್ಟು ಹಾಕಿದಳು. ನಿನ್ನೆ ಬಂದದ್ದು ಒಂಬತ್ತು ಡಬ್ಬಿ. ಮೊದಲು ನಲವತ್ತು ಬರುತ್ತಿದ್ದವು. ಉಳಿದವರು ಇನ್ನೂ ಬಾಗಿಲ ಸಂದಿಯಿಂದ ನೋಡುತ್ತಿದ್ದಾರೆ.

ಅವ್ವನ ಚಿಂತೆ ಬಿಡು, ನಾನಿದ್ದೇನೆ. ಶರಣರ ದಯೆ ನಿನ್ನ ಮೇಲಿರಲಿ, ನಿನ್ನ ಬಾಯಲ್ಲಿ ಸದಾ ಒಳ್ಳೆಯ ಮಾತೇ ಬರಲಿ.

ಇಂತಿ ನಿನ್ನ ಮಾಮ,
ಕುದುರೆ ಸರದಾರ ಅಮರಗುಂಡಪ್ಪ

ತಾ.ಕ.: ಬಸ್ಸು ಹಾರನ್ ಹೊಡೆಯುತ್ತಿದೆ, ಡ್ರೈವರ್ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನೀನು ಕಳಿಸಿದ ಬೋಗುಣಿಗಳಿಗೆ ನಿನ್ನ ಹೆಸರು ಹಾಕಿಸಿಕೊಂಡು ಬಾ ಎಂದು ನಿನ್ನ ಅವ್ವ ನನಗೆ ಕೊಟ್ಟಳು. ಮಗುಚಿ ನೋಡಿದೆ. ತಳದಲ್ಲಿ ಸಣ್ಣ ನವಿಲಿನ ಮುದ್ರೆ ಇದೆ. ಆ ಹುಡುಗಿ ನನಗೆ ಕೊಟ್ಟುಹೋದ ಬೋಗುಣಿಯ ತಳದಲ್ಲೂ ಅದೇ ನವಿಲು. ನೀನು ಬರೆದುಕೊಂಡ ಉತ್ತರ ಯಾತಕ್ಕೆ ಬಳಕೆಯಾಗುತ್ತದೆ ಎಂಬುದು ನಿನಗೆ ಗೊತ್ತಿರಲಿಲ್ಲ ಎಂದು ನಂಬಿದ್ದೇನೆ. ಈಗ ಗೊತ್ತಾಯಿತಲ್ಲ? ಮುದಗಲ್ಲಿನಲ್ಲಿ ಯಾರ್ಯಾರ ಹೆದರಿಕೆ ಬರೆದುಕೊಂಡಿದ್ದೀಯೋ, ಮೆಸೇಜು ಹೋಗುವುದಕ್ಕಿಂತ ಮೊದಲು ಆ ಮನೆಗಳಿಗೆಲ್ಲ ಮತ್ತೊಮ್ಮೆ ಹೋಗಿ ಇದನ್ನೆಲ್ಲ ಹೇಳಿ ಬಾ. ಅವ್ವನಿಗೆ ನಾನು ಹೇಳಿಲ್ಲ. ಬೋಗುಣಿ ನನ್ನ ಹತ್ತಿರವೇ ಇವೆ; ಆ ನವಿಲಿನ ಪಕ್ಕ ನಿನ್ನ ಹೆಸರು ಕೆತ್ತಿಸಲು ನನಗೆ ಮನಸ್ಸಿಲ್ಲ.