ನೆಲೆಯ ಅಡುಗೆಮನೆಯಲ್ಲಿ ಉಳಿದವರು

ಜುಲೈ 7
ಎಂಟನೇ ತರಗತಿಗೆ ಸಾಮಂತರ ಪಾಠ. ನಯನಾ ಎದ್ದು ಕೇಳಿದಳು: “ಮಿಸ್, ದೊಡ್ಡ ರಾಜ ಜಗಳ ತೆಗದ್ರೆ ಸಾಮಂತನ ಊರಿಗ್ಯಾಕೆ ಬೆಂಕಿ ಬೀಳ್ತೈತೆ?” ಅಷ್ಟರಲ್ಲಿ ಬೆಲ್ ಆಯಿತು.

ಮಾದಿಹಳ್ಳಿ ಬಸ್ಸಿನಲ್ಲಿದ್ದಾಗ ತಮ್ಮ ಚೇತನ್‌ನ ಫೋನ್, ಗಲ್ಫ್‌ನಿಂದ. ಅವನಿರುವುದು ಅಂಗೈಯಗಲದ ದೇಶ. ಜಗತ್ತಿನ ದೊಡ್ಡಣ್ಣ ಅನ್ನಿಸಿಕೊಂಡ ದೇಶದ ಸೇನಾ ನೆಲೆಗೆ ನೆಲ ಕೊಟ್ಟು ಕೂತಿದೆ. ಆ ನೆಲೆಯ ಕ್ಯಾಂಟೀನಿನಲ್ಲಿ ಇವನು ಅಡುಗೆಯವನು. ದೊಡ್ಡಣ್ಣನಿಗೂ ಪಕ್ಕದ ದೇಶಕ್ಕೂ ಈಗ ಯುದ್ಧದ ಮಾತು.

“ಅಕ್ಕ, ಸೈನಿಕರನ್ನೆಲ್ಲ ವಿಮಾನ ಹತ್ತಿಸ್ತಾವ್ರೆ. ನಮ್ಗೆ ಏನೂ ಹೇಳಿಲ್ಲ.”

“ನೀನೂ ಹೊರಡೋ!”

“ಪಾಸ್‌ಪೋರ್ಟ್ ಕಾಂಟ್ರಾಕ್ಟರ್ ಹತ್ರ ಐತಲ್ಲಕ್ಕ.”

ಜುಲೈ 9
ರಜೆ ಹಾಕಿ ಅರಸೀಕೆರೆಗೆ ಹೋದೆ. ಚೇತನ್‌ನನ್ನು ಕಳಿಸಿದ ಏಜೆಂಟ್ ಕರಿಬಸವಯ್ಯ ಫ್ಯಾನಿನಡಿ ಕೂತಿದ್ದ.

“ಅಗ್ರಿಮೆಂಟ್ ಎರಡು ವರ್ಷ ಮೇಡಂ. ಮಧ್ಯ ಬಿಡಂಗಿಲ್ಲ.”

“ಸೈನಿಕರೇ ಬಿಟ್ಟು ಹೋದ್ರಲ್ರೀ!”

“ಅವ್ರು ವಾಪಸ್ ಬಂದಾಗ ಊಟ ಬ್ಯಾಡ್ವಾ?”

ಅಲ್ಲೇ ಕೂತು ಗಲ್ಫ್‌ನಲ್ಲಿರುವ ನಮ್ಮ ರಾಯಭಾರ ಕಚೇರಿಗೆ ಫೋನಿನಲ್ಲೇ ದೂರು ಬರೆದೆ. ಅವನ ಹೆಸರನ್ನೂ ಹಾಕಿ, ಅವನಿಗೇ ಓದಿ ಹೇಳಿ, ಕಳಿಸಿದೆ. ಕುಡಿಯಲು ನೀರು ಕೊಡಲು ಬಂದ. ಬೇಡ ಅಂದೆ.

ಜುಲೈ 12
ನೆಲೆಯ ಮೇಲೆ ಕ್ಷಿಪಣಿ. ‘ನೆಲೆ ಮೊದಲೇ ಖಾಲಿಯಾಗಿತ್ತು, ಪ್ರಾಣಹಾನಿ ಇಲ್ಲ’ — ಟಿವಿಯಲ್ಲಿ ಇದೇ. ಹೊಡೆದವರು ಮುಂಚೆಯೇ ತಿಳಿಸಿ ಹೊಡೆದರಂತೆ. ಎಂಥ ಮರ್ಯಾದಸ್ಥರು! ತಿಳಿಸಿದ್ದು ಯಾರಿಗೆ?

ಚೇತನ್ ಫೋನ್ ಸ್ವಿಚ್ ಆಫ್. ಅಮ್ಮ ಬೆಳಿಗ್ಗೆಯಿಂದ ನೀರೂ ಮುಟ್ಟಿಲ್ಲ.

ಜುಲೈ 13
ಬದುಕಿದ್ದಾನೆ. ಎಡಗಿವಿ ಕೇಳಿಸುತ್ತಿಲ್ಲ. ಜೊತೆಯಲ್ಲಿ ರೊಟ್ಟಿ ಬೇಯಿಸುತ್ತಿದ್ದ ನೇಪಾಳದ ಬಿಷ್ಣು ಗೋಡೆಯಡಿ ಸಿಕ್ಕಿ ತೀರಿಹೋದ. ಇಪ್ಪತ್ತಾರು ವರ್ಷ.

“ಟಿವೀಲಿ ಯಾರೂ ಸತ್ತಿಲ್ಲ ಅಂತಾರೆ ಕಣೋ.”

“ನಾವು ಯಾರೂ ಅಲ್ವಲ್ಲಕ್ಕ.”

ಸಂಜೆ ಕದನವಿರಾಮ. ದೊಡ್ಡಣ್ಣ ಗೆದ್ದನಂತೆ. ಪಕ್ಕದ ದೇಶವೂ ಗೆದ್ದಿತಂತೆ. ನೆಲ ಕೊಟ್ಟ ಪುಟ್ಟ ದೇಶ ಇಬ್ಬರಿಗೂ ಧನ್ಯವಾದ ಹೇಳಿತು. ಥೂ!

ಜುಲೈ 17, ಬೆಳಿಗ್ಗೆ 8
ಚೇತನ್ ಫೋನ್. ನಿನ್ನೆ ಸೈನಿಕರು ವಾಪಸ್. ಎರಡು ಸಾವಿರ ಜನಕ್ಕೆ ತಿಂಡಿ ಮಾಡಿ ಎಂದು ಆರ್ಡರ್ ಬಂತಂತೆ.

“ಪಾಸ್‌ಪೋರ್ಟ್ ಕೊಡೋಗಂಟ ಒಲೆ ಹಚ್ಚಲ್ಲ ಅಂದ್ವಿ ಅಕ್ಕ. ಎಲ್ರೂ ನೆಲದ ಮೇಲೆ ಕೂತ್ಬುಟ್ವಿ.”

ಅಷ್ಟರಲ್ಲಿ ರಾಯಭಾರ ಕಚೇರಿಯವರೂ ಬಂದರಂತೆ, ನನ್ನ ದೂರು ಹಿಡಿದು. ಕಾಂಟ್ರಾಕ್ಟರ್ ಪಾಸ್‌ಪೋರ್ಟ್ ಕೊಟ್ಟ. ಭಾನುವಾರ ವಿಮಾನ. ಅಮ್ಮನನ್ನು ಕೂಗಲು ಎದ್ದೆ… ಅವನು ಫೋನ್ ಇಡಲಿಲ್ಲ.

“ಬಿಷ್ಣು ಪಾಸ್‌ಪೋರ್ಟೂ ನನ್ ಕೈಗೇ ಕೊಟ್ರು. ಅವನ ಹೆಂಡ್ತಿಗೆ ಇನ್ನೂ ಯಾರೂ ಹೇಳಿಲ್ವಂತೆ. ನಿಂಗೆ ಹಿಂದಿ ಚೆನ್ನಾಗ್ ಬತ್ತೈತಲ್ಲ ಅಕ್ಕ…”

ಅವಳ ನಂಬರ್ ತೆಗೆದುಕೊಂಡಿದ್ದೇನೆ. ಶಾಲೆಗೆ ಹೊರಡುವ ಮುಂಚೆ ಫೋನ್ ಮಾಡಿಬಿಡಬೇಕು. ಏನಂತ ಶುರು ಮಾಡಲಿ? ನಮಸ್ತೆ, ನಾನು ಚೇತನ್‌ನ ಅಕ್ಕ. ನಿಮ್ಮ ಯಜಮಾನರು