ಇಳಿತದ ಹೊತ್ತು

ರಿಚ್ಮಂಡ್ ಹಿಲ್, ನ್ಯೂಯಾರ್ಕ್
ಅಕ್ಟೋಬರ್ ೬, ಸೋಮವಾರ

ಮಗಳೇ ಹೇಮವಂತಿ,

ನನ್ನ ಸಿಟ್ಟು ಇನ್ನೂ ಇಳಿದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನಿನ್ನದೂ ಇಳಿದಿರಲಾರದು. ಆದರೂ ಆಶೀರ್ವಾದಕ್ಕೆ ಕೊರತೆಯಿಲ್ಲ, ತಗೋ.

ಬರುವ ತಿಂಗಳ ಎರಡನೇ ಭಾನುವಾರ ನಿನ್ನಪ್ಪನ ವರ್ಷದ ತಿಥಿ. ತಾವರೆ ಎಲೆಯಲ್ಲಿ ಏಳು ಪಲ್ಯದ ಊಟ, ಆಮೇಲೆ ಜಮೈಕಾ ಕೊಲ್ಲಿಗೆ ಹೋಗಿ ಹೂವು ಬಿಡುವುದು. ಎಷ್ಟು ಹೊತ್ತಿಗೆ ಹೋಗಬೇಕೆಂದು ಕೇಳಲು ಈ ಕಾಗದ, ಬೇರೇನಕ್ಕೂ ಅಲ್ಲ.

ಕಳೆದ ವರ್ಷ ಬೂದಿ ಬಿಡುವ ದಿನ, ಆ ಕೊಲ್ಲಿಯ ಪಾರ್ಕಿನಲ್ಲೇ ಕೆಲಸಕ್ಕಿದ್ದ ನೀನು ಹೇಳಿದ್ದೆ, "ಮಾ, ಹನ್ನೊಂದಕ್ಕೆ ಬೇಡ, ನೀರು ಒಳಕ್ಕೆ ಬರ್ತಿರುತ್ತೆ. ಸಂಜೆ ಇಳಿಯೋವಾಗ ಬಿಡೋಣ." ಪಂಡಿತರ ಮುಹೂರ್ತ ಹಿಡಿದು ಕೂತಿದ್ದ ಜೈಕರನ್ ಚಿಕ್ಕಪ್ಪ ಕೇಳಬೇಕಲ್ಲ! "ಪಾರ್ಕಿನ ಟೋಪಿ ಹಾಕ್ಕೊಂಡ ತಕ್ಷಣ ಗಂಗಾಮಾಯಿಗೇ ಟೈಮ್ ಹೇಳೋಕೆ ಬಂದ್ಳು ನೋಡು" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಗಯಾನಾದ ನಮ್ಮೂರಲ್ಲಿ ನಾವು ಹೊತ್ತು ನೋಡಿದವರಲ್ಲ. ಅಲ್ಲಿಯ ಕೆಸರು ಸಮುದ್ರ ಕೊಟ್ಟದ್ದನ್ನೆಲ್ಲ ಒಯ್ಯುತ್ತಿತ್ತು. ಈ ಕೊಲ್ಲಿ ಒಯ್ಯುವುದಿಲ್ಲ. ಬೂದಿ ಕರಗಿತು, ಹಾರ ಮಾತ್ರ ಒಂದು ಸುತ್ತು ಹೊಡೆದು ನನ್ನ ಕಾಲಿಗೇ ಬಂದು ತಗುಲಿತು. "ಹೋಗೋಕೆ ಮನಸ್ಸಿಲ್ಲ ಅವನಿಗೆ" ಎಂದು ಯಾರೋ ಅತ್ತರು.

ಆಗ ನೀನು ಕೈಗವಸು ಹಾಕಿಕೊಂಡು ಬಂದೆ. ಸಮವಸ್ತ್ರ, ಕೆಲಸದ ಹೊತ್ತು, ದಡದಲ್ಲಿ ಏನೂ ಉಳಿಸಬಾರದೆಂಬ ನಿಯಮ, ಎಲ್ಲ ಗೊತ್ತು. ಆದರೆ ಅಪ್ಪನ ಹಾರವನ್ನು ಕರಿ ಚೀಲದೊಳಗೆ, ಬೀರ್ ಡಬ್ಬಿಗಳ ಮೇಲೆ ಹಾಕಿದೆಯಲ್ಲ! "ನನ್ನನ್ನೂ ಅದೇ ಚೀಲಕ್ಕೆ ಹಾಕು, ಇನ್ನು ಮನೆಗೆ ಬರಬೇಡ" ಎಂದೆ. ನೀನು ಬರಲಿಲ್ಲ. ಹೇಳಿದ ಮಾತು ಕೇಳುವ ಮಗಳೆಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ.

ಕೆಲಸ ಸಿಕ್ಕ ಹೊಸದರಲ್ಲಿ ಊಟಕ್ಕೆ ಕೂತರೆ ಸಾಕು, ಪಾರ್ಕಿನ ಪುರಾಣ ಬಿಚ್ಚುತ್ತಿದ್ದೆ. ಸತ್ತ ಕುದುರೆಗಳ ಎಲುಬು ಬೇಯಿಸಿ ಅಂಟು ಮಾಡುತ್ತಿದ್ದ ದ್ವೀಪ, ಹಾಳುಬಿದ್ದ ವಿಮಾನ ನಿಲ್ದಾಣ, ಫಿರಂಗಿ ಕೋಟೆ, ಕಸದ ಗುಡ್ಡ: ಯಾರಿಗೂ ಬೇಡವಾದದ್ದನ್ನೆಲ್ಲ ಒಟ್ಟುಮಾಡಿ ಉದ್ಯಾನ ಎಂದರಂತೆ. ಈಗ ಅಲ್ಲಿಗೆ ದೂರಬೀನು ಹಿಡಿದು ಹಕ್ಕಿ ನೋಡಲು ಬರುತ್ತಾರೆ, ಹಳೆಯ ರನ್‌ವೇ ಮೇಲೆ ಮಕ್ಕಳಿಗೆ ಸೈಕಲ್ ಕಲಿಸುತ್ತಾರೆ. ನಿನ್ನಪ್ಪ ರೊಟ್ಟಿ ಮುರಿಯುತ್ತ, "ನಾವೂ ಯಾರಿಗೂ ಬೇಡವಾದೋರೇ. ಸರಿಯಾದ ಜಾಗಕ್ಕೇ ಬಂದ್ವಿ ಬಿಡು" ಅನ್ನುತ್ತಿದ್ದರು. ಅದಕ್ಕೇ ಅವರಿಗೆ ಆ ನೀರೇ ಬೇಕಾಯಿತು.

ನಿನ್ನನ್ನು ಆಚೆ ದಡದ ಸ್ಯಾಂಡಿ ಹುಕ್‌ಗೆ ಹಾಕಿದ್ದಾರಂತೆ. ಪಾರ್ಕಿನ ಗೇಟಿನವರು ಹೇಳಿದರು, ನಾನಾಗಿ ಕೇಳಿರಲಿಲ್ಲ. ಪ್ರತಿ ಭಾನುವಾರ ನಾನು ಕೊಲ್ಲಿಗೆ ಹೋಗುವುದು ಪೂಜೆಗೆ, ನಿನ್ನನ್ನು ನೋಡಲು ಎಂದು ಯಾರಾದರೂ ಹೇಳಿದರೆ ನಂಬಬೇಡ.

ತಿಥಿಯ ದಿನ ನೀರು ಇಳಿಯುವುದು ಎಷ್ಟು ಹೊತ್ತಿಗೆ, ತಿಳಿಸು. ಚಿಕ್ಕಪ್ಪ ಫೋನಿನಲ್ಲಿ ನೋಡುತ್ತೇನೆ ಎಂದ. ಅವನ ಫೋನಿನ ಮಾತು ನನಗೆ ಬೇಡ. ಈ ಸಲ ಹಾರವಿಲ್ಲ, ಬಿಡಿ ಹೂವು ಸಾಕು. ಬಂದೇ ಹೇಳಿದರೂ ಆದೀತು. ಸಮವಸ್ತ್ರದಲ್ಲಿ ಬಂದರೂ ಬಾ.

ನೀನು ಒಪ್ಪಿದರೆ ಇನ್ನೂ ನಿನ್ನ ಮಾ,
ದುಲಾರಿ

ತಾ.ಕ.: ಇಳಿತದ ಹೊತ್ತು ನನಗೆ ಗೊತ್ತಿದೆ. ವರ್ಷವಿಡೀ ಉಬ್ಬರ ನೋಡಿಕೊಂಡೇ ಹೋದವಳು ನಾನು. ಹಳದಿ ಬಟ್ಟೆಯಲ್ಲಿ ಮಿಠಾಯಿ ಇಟ್ಟು, ನಿನ್ನ ಶಾಲೆಯ ಬುತ್ತಿಗೆ ಹಾಕುತ್ತಿದ್ದ ಗಂಟನ್ನೇ ಹಾಕಿ ನೀರಿಗೆ ಬಿಡುತ್ತಿದ್ದೆ. ಗಂಗಾಮಾಯಿಗಲ್ಲ. ದಡಕ್ಕೆ ಬಂದದ್ದನ್ನು ಎತ್ತುವವಳು ನೀನೇ ತಾನೆ? ಕಾರುಗಳ ಹಿಂದೆ ನಿಂತು ನೋಡುತ್ತಿದ್ದೆ. ಉಳಿದವರದ್ದೆಲ್ಲ ಹಾಗೇ ಚೀಲಕ್ಕೆ ಹೋಗುತ್ತಿತ್ತು. ನನ್ನದನ್ನು ಮಾತ್ರ ನೀನು ಕೈಗವಸು ತೆಗೆದು ಬಿಚ್ಚುತ್ತಿದ್ದೆ. ನಿನ್ನೆ ನಿನ್ನ ಜಾಗಕ್ಕೆ ಯಾರೋ ಹೊಸಬ ಬಂದಿದ್ದ. ಗಂಟು ಬಿಚ್ಚದೆಯೇ ಚೀಲಕ್ಕೆ ಹಾಕಿದ.