ಕೆಳಗಿನ ಗೇಟಿನ ಬೋರ್ಡು

ಗುಡ್ಡದ ಯಜಮಾನರಿಗೆ,

'ಮಾನ್ಯರೇ' ಎಂದು ಬರೆಯಲು ಕೈ ಬರಲಿಲ್ಲ. ಹೆಸರು ಹಿಡಿದು ಕರೆಯುವಷ್ಟು ನಂಟು ನಮ್ಮ ನಡುವೆ ಇಲ್ಲ. ಊರಿನವರು ನಿಮ್ಮನ್ನು ಹೇಗೆ ಕರೆಯುತ್ತಾರೋ ಹಾಗೆಯೇ ಕರೆದಿದ್ದೇನೆ.

ಜೈಲಿನವರು ಒಡೆದು ಓದಿದ ಮೇಲೆಯೇ ಈ ಕಾಗದ ನಿಮ್ಮ ಕೈ ಸೇರುತ್ತದೆ ಎಂದು ಗೊತ್ತು. ಓದಿಕೊಳ್ಳಲಿ. ಸೋಮವಾರ ನಿಮ್ಮ ಮೊಕದ್ದಮೆಯ ಕೊನೆಯ ವಿಚಾರಣೆ. ಅಲ್ಲಿ ನಾನು ಹೇಳಲಿರುವುದನ್ನು ಎಲ್ಲರಿಗಿಂತ ಮೊದಲು ಕೇಳಬೇಕಾದವರು ನೀವು, ಅದಕ್ಕೇ ಬರೆಯುತ್ತಿದ್ದೇನೆ. ಇದು ಕಾಲಿಗೆ ಬೀಳುವ ಕಾಗದ ಎಂದುಕೊಳ್ಳಬೇಡಿ. ನಿಮ್ಮನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಜನ ಓಡಾಡುವ ಕಾಲುದಾರಿಗೆ ಅಡ್ಡವಾಗಿ ತಂತಿ ಬಿಗಿದವರು ನೀವು. ನನ್ನ ಅಕ್ಕನ ಕುತ್ತಿಗೆ ಸೀಳಿದ್ದು ಅದೇ ತಂತಿ. ಅದನ್ನು ನಾನು ಹೊಟ್ಟೆಗೆ ಹಾಕಿಕೊಳ್ಳಲಾರೆ.

ನೀವು ಮೊದಲ ಸಲ ನನ್ನ ಅಂಗಡಿಗೆ ಬಂದ ದಿನ ನೆನಪಿದೆ. ಗೋಡೆ ತುಂಬ ಓಟದ ಬೂಟುಗಳು, ನೆಲಕ್ಕೆ ಬಿಳಿ ಹಾಸು, ಅದರ ಮೇಲೆ ನಿಮ್ಮ ರಬ್ಬರ್ ಬೂಟಿನ ಕೆಸರು. "ಯಜಮಾನ್ರೇ, ನಿಮ್ಮ ಕಾಲಿಗಾಗೋದು ಇಲ್ಲಿ ಸಿಗಲ್ಲ" ಎಂದೆ. ಗಿರಾಕಿಗಳು ನಕ್ಕರು. ನೀವು ನಗಲಿಲ್ಲ. ಗಲ್ಲಾದ ಪಕ್ಕ ಜೋಡಿಸಿದ್ದ ನನ್ನ ಪುಸ್ತಿಕೆಯನ್ನು ಎತ್ತಿಕೊಂಡಿರಿ. ಕಡಲಂಚಿನಲ್ಲೂ ಗುಡ್ಡಗಳಲ್ಲೂ ಓಡುವುದಕ್ಕೆ ಚಂದದ ದಾರಿಗಳು ಯಾವುವು ಎಂದು ನಾನೇ ನಕ್ಷೆ ಬರೆದು, ನಾನೇ ಅಚ್ಚು ಹಾಕಿಸಿದ ಪುಸ್ತಿಕೆ. ಏಳನೆಯ ದಾರಿ ನಿಮ್ಮ ಹುಲ್ಲುಗಾವಲಿನ ನಡುವೆ ಹೋಗುತ್ತದೆ. ದಪ್ಪ ಬೆರಳನ್ನು ಅದರ ಮೇಲೆ ಊರಿ, "ಇದನ್ನ ತೆಗೀರಿ. ಓಡೋರು ಗೇಟ್ ಹಾಕ್ದೆ ಹೋಗ್ತಾರೆ. ಕುರಿ ಹೊರಗೆ ಹೋಗ್ತವೆ" ಎಂದಿರಿ. ಮುಂದಿನ ಮುದ್ರಣದಲ್ಲಿ ತೆಗೆಯುತ್ತೇನೆ ಎಂದೆ. ತೆಗೆಯುವ ಮನಸ್ಸು ನನಗೆ ಎಳ್ಳಷ್ಟೂ ಇರಲಿಲ್ಲ.

ಎರಡನೆಯ ಸಲ ಬಂದಾಗಲೂ ಅದೇ ಮಾತು, ಅದೇ ಉತ್ತರ. ಮೂರನೆಯ ಸಲ ನೀವು ಜೇಬಿಗೆ ಕೈ ಹಾಕಿ ಹಳದಿ ಬಿಲ್ಲೆಗಳನ್ನು ಗಲ್ಲಾದ ಮೇಲೆ ಸುರಿದಿರಿ. ಕುರಿಯ ಕಿವಿಗೆ ಚುಚ್ಚುವ ನಂಬರಿನ ಬಿಲ್ಲೆಗಳು, ಹನ್ನೊಂದು. ಒಂದೆರಡರಲ್ಲಿ ಕಿವಿಯ ತುಂಡು ಇನ್ನೂ ಅಂಟಿಕೊಂಡಿತ್ತು. ಯಾರೋ ತೆರೆದುಬಿಟ್ಟ ಗೇಟಿನಿಂದ ಹೊರಬಿದ್ದ ಹನ್ನೊಂದು ಕುರಿಗಳು ಕಡಲಬಂಡೆಯಿಂದ ಕೆಳಗೆ ಬಿದ್ದು ಸತ್ತಿದ್ದವು. ನನಗೆ ಹೇಸಿಗೆಯಾಯಿತು. "ಪೊಲೀಸಿಗೆ ಹೇಳಿ, ನನ್ನ ಅಂಗಡಿ ಗಲೀಜು ಮಾಡ್ಬೇಡಿ" ಎಂದೆ. ನೀವು ಒಂದೊಂದೇ ಬಿಲ್ಲೆಯನ್ನು ಆರಿಸಿಕೊಂಡು ಹೊರಟುಹೋದಿರಿ. ಆ ವಾರವೇ ತಂತಿ ಬಂದದ್ದು.

ಈಗ ಅಕ್ಕನ ವಿಷಯ. ನಿಮಗೆ ಅವಳು ಪೊಲೀಸ್ ಕಾಗದದಲ್ಲಿ ಬರೆದ 'ಗಾಯಾಳು' ಮಾತ್ರ. ಆದರೆ ಅವಳ ದನಿಯನ್ನು ನೀವೂ ಕೇಳಿದ್ದೀರಿ. ನಮ್ಮ ರೈಲು ನಿಲ್ದಾಣದಲ್ಲಿ ಹದಿನಾಲ್ಕು ವರ್ಷ ಗಾಡಿಗಳ ಬರುಹೋಗುಗಳನ್ನು ಮೈಕಿನಲ್ಲಿ ಹೇಳುತ್ತಿದ್ದವಳು ಅವಳೇ. ಗಾಡಿ ಎರಡು ಗಂಟೆ ತಡವಾದರೂ ಅವಳು ಹೇಳಿದರೆ ಜನ ಗೊಣಗದೆ ಕೂರುತ್ತಿದ್ದರು. ನನ್ನ ಪುಸ್ತಿಕೆಯ ದಾರಿಗಳನ್ನೆಲ್ಲ ಮೊದಲು ಓಡಿದ್ದು ಅವಳ ಕಾಲು. ನಾನು ಕೆಳಗೆ ಗಡಿಯಾರ ಹಿಡಿದು ನಿಲ್ಲುವವನು, ಬರೆಯುವವನು. "ಕಾಲಿಗೆ ಬುದ್ಧಿ ಹೇಳೋದು ನೀನು, ಓಡೋದು ನಾನು" ಎಂದು ನಗುತ್ತಿದ್ದಳು.

ಏಳನೆಯ ದಾರಿಯನ್ನು ಅವಳು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಓಡುತ್ತಿದ್ದಳು. ದೀಪಸ್ತಂಭದ ಬಳಿಯ ಗಟ್ಟಿ ಮರಳು, ಕಲ್ಲುಗೋಡೆ, ನಿಮ್ಮ ಕೆಳಗಿನ ಗೇಟು, ಆಮೇಲೆ ಉಸಿರು ಕೀಳುವ ಏರು. ಸಮುದ್ರ ಪೂರ್ತಿ ಬೆನ್ನಿಗಿರುತ್ತದೆ. "ಮೇಲೆ ಹೋಗಿ ತಿರುಗಿದ್ರೆ ಮಾತ್ರ ಕಾಣುತ್ತೆ. ದಣಿದವರಿಗಷ್ಟೇ ಸಿಗೋ ಸಮುದ್ರ ಅದು" ಎನ್ನುತ್ತಿದ್ದಳು ಅಕ್ಕ. ನನಗೆ ಅಷ್ಟು ತಾಳ್ಮೆ ಇಲ್ಲ. ಹೊಸ ಮುದ್ರಣದಲ್ಲಿ ದಾರಿಯನ್ನು ತಿರುಗಿಸಿಬಿಡೋಣ ಎಂದೆ. ಮೇಲಿನಿಂದ ಕೆಳಕ್ಕೆ ಓಡಿದರೆ, ಗುಡ್ಡದ ನೆತ್ತಿ ದಾಟಿದ ಕೂಡಲೇ ಇಡೀ ಸಮುದ್ರ ಎದುರಿಗೆ. ಇಳಿಜಾರಿನ ವೇಗ, ಕಾಲಿಗೆ ನೆಲ ತಾಗುವುದೇ ತಿಳಿಯುವುದಿಲ್ಲ. ಅಕ್ಕನಿಗೆ ಇಷ್ಟವಿರಲಿಲ್ಲ. "ಓಡಿ ನೋಡ್ದೆ ಬರೀಬೇಡ. ನಾನು ಒಂದ್ಸಲ ಇಳಿದು ನೋಡ್ತೀನಿ" ಎಂದಳು.

ಆ ಬೆಳಿಗ್ಗೆ ಅವಳನ್ನು ಆಚೆ ಬದಿಯ ರಸ್ತೆಯಲ್ಲಿ ಇಳಿಸಿ, ಕಾರಿನಲ್ಲಿ ಸುತ್ತಿಕೊಂಡು ನಿಮ್ಮ ಕೆಳಗಿನ ಗೇಟಿಗೆ ಬಂದೆ. ಗೇಟಿನ ಕಂಬಕ್ಕೆ ಹೊಸ ಬೋರ್ಡು ಹೊಡೆದಿತ್ತು. ಹಲಗೆಯ ಮೇಲೆ ಕೆಂಪು ಬಣ್ಣ, ಓರೆಕೋರೆ ಅಕ್ಷರ: 'ಮುಂದೆ ತಂತಿ ಇದೆ. ಓಡಬೇಡಿ.'

ಯಜಮಾನರೇ, ನಾನು ಅದನ್ನು ಓದಿದೆ. ಒಂದಕ್ಷರ ಬಿಡದೆ ಓದಿದೆ. ಓದಿ ನಕ್ಕೆ. ಮುದುಕ ಹೆದರಿಸುತ್ತಿದ್ದಾನೆ ಎಂದುಕೊಂಡೆ. ಅಕ್ಕ ನೆತ್ತಿ ತಲುಪಲು ಇನ್ನೂ ಇಪ್ಪತ್ತು ನಿಮಿಷ ಇತ್ತು. ನಾಲ್ಕು ಹೆಜ್ಜೆ ಹತ್ತಿ ನೋಡಬಹುದಿತ್ತು, ಅವಳಿಗೆ ಫೋನು ಮಾಡಬಹುದಿತ್ತು. ಸೆಕೆಯಾಗುತ್ತಿತ್ತು. ಜಾಕೆಟ್ ಬಿಚ್ಚಿ ನಿಮ್ಮ ಬೋರ್ಡಿನ ಮೇಲೆಯೇ ನೇತುಹಾಕಿ ಗಡಿಯಾರ ನೋಡುತ್ತ ನಿಂತೆ.

ನೀವು ತಂತಿ ಕಟ್ಟಿದ್ದು ಕೆಳಗಿನಿಂದ ಬರುವವರಿಗೆ. ಬೋರ್ಡು ಓದುತ್ತಾರೆ, ಓದದಿದ್ದರೂ ಏದುಸಿರು ಬಿಡುತ್ತ ನಿಧಾನವಾಗಿ ಹತ್ತುತ್ತಾರೆ, ಎದೆಮಟ್ಟದ ತಂತಿ ಕಂಡು ಹಿಂದಿರುಗುತ್ತಾರೆ. ಮೇಲಿನಿಂದ ಯಾರೂ ಬಂದವರೇ ಇಲ್ಲ, ಆ ಕಡೆಗೆ ಬೋರ್ಡು ಯಾಕೆ ಬೇಕು ನಿಮಗೆ. ನೀವು ತಂತಿ ಬಿಗಿದ, ಎರಡು ಬಂಡೆಗಳ ನಡುವಿನ ತಿರುವಿನಲ್ಲಿ ನೆಲ ಇಳಿಜಾರು. ಬಾಗಿ ಇಳಿಯುವವರಿಗೆ ಎದೆಮಟ್ಟದ ತಂತಿ ಕುತ್ತಿಗೆಗೆ ಬರುತ್ತದೆ. ಅಕ್ಕ ಸಮುದ್ರ ನೋಡುತ್ತ ಇಳಿದಳು.

ಕೂಗು ಕೇಳಲಿಲ್ಲ. ತಂತಿ ಝುಂಯ್ ಎಂದ ಸದ್ದು ಮಾತ್ರ ಕೆಳಗಿನವರೆಗೆ ಬಂತು. ನಾನು ಹತ್ತಿ ಬರುವಷ್ಟರಲ್ಲಿ, ಅಲ್ಲೇ ಹತ್ತಿರ ಕುರಿಗಳ ಬಳಿ ಇದ್ದ ನೀವು ಅವಳ ಪಕ್ಕದಲ್ಲಿ ಮೊಣಕಾಲೂರಿ ಕೂತಿದ್ದಿರಿ. ನಿಮ್ಮ ಎರಡೂ ಕೈ ಅವಳ ಕುತ್ತಿಗೆಯ ಮೇಲೆ. ಬೆರಳ ಸಂದಿನಿಂದ ರಕ್ತ. ಅವಳ ಹಿಮ್ಮಡಿ ಹುಲ್ಲನ್ನು ಒದೆಯುತ್ತಿತ್ತು. ಬೇಲಿಗೆ ಹೊಡೆದು ಉಳಿದ ಕಬ್ಬಿಣದ ಗೂಟ ಅಲ್ಲೇ ಬಿದ್ದಿತ್ತು, ಎತ್ತಿಕೊಂಡೆ.

ಮೊದಲ ಏಟು ಬೆನ್ನಿಗೆ. ಎರಡನೆಯದು ಭುಜಕ್ಕೆ, ಮೂಳೆ ಮುರಿದದ್ದು ನನ್ನ ಅಂಗೈಗೆ ತಿಳಿಯಿತು. ನೀವು ತಲೆ ತಗ್ಗಿಸಿದಿರಿ, ಕೈ ಅಡ್ಡ ತರಲಿಲ್ಲ. "ಹೊಡಿ. ಆದ್ರೆ ಕೈ ತೆಗೆಯಲ್ಲ. ತೆಗೆದ್ರೆ ಹೋಗ್ತಾಳೆ" ಎಂದಿರಿ. ನನಗೆ ಕೇಳಿಸಿತು. ಕೇಳಿಸಲಿಲ್ಲ ಎಂದು ಏಳು ತಿಂಗಳು ನನಗೆ ನಾನೇ ಹೇಳಿಕೊಂಡಿದ್ದೇನೆ. ಕೇಳಿಸಿದ ಮೇಲೂ ಮೂರು ಏಟು ಹೊಡೆದೆ. ಒಂದು ದವಡೆಗೆ, ಒಂದು ಕಿವಿಯ ಹಿಂದೆ, ಕೊನೆಯದು ಕಣ್ಣಿಗೆ. ಆಗ ನೀವು ಪಕ್ಕಕ್ಕೆ ಉರುಳಿದಿರಿ. ನಿಮ್ಮ ಕೈ ಸರಿದ ಕೂಡಲೇ ಅಕ್ಕನ ಕುತ್ತಿಗೆಯಿಂದ ರಕ್ತ ನನ್ನ ಮುಖಕ್ಕೆ ಚಿಮ್ಮಿತು. ಗೂಟ ಬಿಸಾಡಿ, ನೀವು ಒತ್ತಿದ್ದ ಜಾಗದಲ್ಲೇ ನಾನು ಕೈ ಒತ್ತಿದೆ. ನಿಮ್ಮ ಹೆಂಡತಿ ಚೀರುತ್ತ ಓಡಿ ಬಂದು ಆಂಬುಲೆನ್ಸಿಗೆ ಫೋನು ಮಾಡಿದರು. ಆಂಬುಲೆನ್ಸಿನವರು ಬಂದಾಗ ಅವರು ಕಂಡದ್ದು ನನ್ನ ಕೈಗಳನ್ನು.

"ಮೊದಲ ನಿಮಿಷದಲ್ಲೇ ಒತ್ತಿ ಹಿಡಿದಿದ್ದಕ್ಕೆ ಇವರು ಉಳಿದ್ರು. ಯಾರು ಹಿಡಿದದ್ದು?" ಎಂದು ವೈದ್ಯೆ ಕೇಳಿದರು. "ನಾನೇ" ಎಂದೆ. ನಾಲಿಗೆ ತೊದಲಲಿಲ್ಲ. ಊರು ನನ್ನ ಬೆನ್ನು ತಟ್ಟಿತು. ನಿಮಗೆ ಹೊಡೆದದ್ದಕ್ಕೆ ನನ್ನ ಮೇಲೆ ಹಾಕಿದ ಕೇಸು ಹೆಸರಿಗೆ ಮಾತ್ರ, ಒಡಹುಟ್ಟಿದವನಾದರೆ ಇನ್ನೇನು ಮಾಡುತ್ತಾನೆ ಎಂದರು. ನೀವು ಮುರಿದ ದವಡೆಯಲ್ಲಿ ನಿಜ ಹೇಳಿದಿರಿ. ಕತ್ತು ಕೊಯ್ದವನೇ ಹಿಡಿದುಕೊಂಡನಂತೆ ಎಂದು ಎಲ್ಲರೂ ನಕ್ಕರು.

ಬೋರ್ಡಿನ ವಿಷಯ ಇನ್ನೂ ಹೊಲಸು. ಪೊಲೀಸರು ನನ್ನ ಜಾಕೆಟ್ಟಿನ ಪಕ್ಕದಲ್ಲೇ ಹತ್ತಿ ಇಳಿದರು, ಅದರ ಹಿಂದೆ ಏನಿದೆ ಎಂದು ಯಾರೂ ನೋಡಲಿಲ್ಲ. ಸಂಜೆ ಜಾಕೆಟ್ ತರಲು ಹೋದವನು ಬೋರ್ಡನ್ನು ಮೊಳೆ ಸಮೇತ ಕಿತ್ತೆ. ಕಲ್ಲುಗೋಡೆ ದಾಟಿ, ನಿಮ್ಮ ಕುರಿಗಳು ಬಿದ್ದ ಜಾಗದಿಂದಲೇ ಕಡಲಿಗೆ ಎಸೆದೆ. ಮಾರನೆಯ ದಿನ ನಿಮ್ಮ ಹೆಂಡತಿ "ಬೋರ್ಡು ಇತ್ತು, ನಾನೇ ಬಣ್ಣ ಕಲಸಿಕೊಟ್ಟೆ" ಎಂದು ಅಳುತ್ತ ಪೊಲೀಸರನ್ನು ಕರೆತಂದಾಗ ಬರಿಯ ಕಂಬ ಇತ್ತು. ಎಚ್ಚರಿಕೆ ಕೊಡದೆ ಕೊಲ್ಲಲೆಂದೇ ಕಟ್ಟಿದ ತಂತಿ ಎಂದು ನಿಮ್ಮ ಮೇಲೆ ಬರೆದುಕೊಂಡರು.

ಅಕ್ಕ ಉಳಿದಳು. ದನಿ ಉಳಿಯಲಿಲ್ಲ. ಈಗ ಬರುವುದು ಉಸಿರಿನಂಥ ಪಿಸುಮಾತು. ನಿಲ್ದಾಣದಲ್ಲಿ ಅವಳನ್ನು ಕಳೆದುಹೋದ ಸಾಮಾನುಗಳ ಕೋಣೆಗೆ ಹಾಕಿದ್ದಾರೆ. ಕೊಡೆ, ಚೀಲ, ಒಂಟಿ ಚಪ್ಪಲಿಗಳ ನಡುವೆ ಕೂರುತ್ತಾಳೆ.

ಹೋದ ವಾರ ಅವಳು ಮೊದಲ ಸಲ ಒಬ್ಬಳೇ ದೀಪಸ್ತಂಭದ ಮರಳಿನಲ್ಲಿ ಓಡಲು ಹೋದಳು. ಅಂಗಡಿಗೆ ಬಂದಾಗ ಬೆವರುತ್ತಿದ್ದಳು, ಕಂಕುಳಲ್ಲಿ ಒಂದು ಹಲಗೆ ಇತ್ತು. ನೀವು ಬಿಲ್ಲೆ ಸುರಿದ ಜಾಗದಲ್ಲೇ ಇಟ್ಟಳು. ಉಪ್ಪುನೀರು ಬಣ್ಣವನ್ನು ಅರ್ಧ ತಿಂದಿತ್ತು, ಅಕ್ಷರ ಓದುವಂತಿತ್ತು. ನಾನು ಒಮ್ಮೆ ನೋಡಿ, ಕೈಯಲ್ಲಿದ್ದ ಬೂಟಿಗೆ ಲೇಸು ಪೋಣಿಸುತ್ತಲೇ ಇದ್ದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಪಿಸುಗುಟ್ಟಿದಳು:

"ಎಲ್ಲಿ ಸಿಕ್ತು ಅಂತ ಕೇಳಲ್ವಾ?"

ನಾನು ಬೂಟು ಕೆಳಗಿಟ್ಟೆ. ಅಂಗಡಿಯ ಬಾಗಿಲು ಹಾಕಿ ಎಲ್ಲ ಹೇಳಿದೆ. ಜಾಕೆಟ್ಟು, ಗೂಟ, ಐದು ಏಟು. ಮುಗಿಸುವ ಮೊದಲೇ ಅವಳು ಆ ಹಲಗೆ ಎತ್ತಿ ನನ್ನ ಮುಖಕ್ಕೆ ಬಾರಿಸಿದಳು. ನಮ್ಮ ಮನೆಯವರ ಕೈ ಯಾವಾಗಲೂ ಮುಂದು. ತುಟಿ ಹರಿಯಿತು, ಒಂದು ಹಲ್ಲು ಹೋಯಿತು. ನೆಲದ ಮೇಲೆ ಕೂತು ರಕ್ತ ಉಗುಳುತ್ತ, ಉಳಿದಿದ್ದ ಒಂದು ಮಾತನ್ನೂ ಹೇಳಿದೆ. ನಿನ್ನನ್ನು ಹಿಡಿದು ಉಳಿಸಿದ್ದು ನಾನಲ್ಲ ಅಕ್ಕ, ಅವನು.

ಅವಳು ನನ್ನ ಎದುರು ಕೂತಳು. "ಆ ಕೈಗೆ ಕುರಿ ವಾಸನೆ ಇತ್ತು" ಎಂದಳು. "ಕನಸು ಅನ್ಕೊಂಡಿದ್ದೆ. ಏಳು ತಿಂಗಳಿಂದ ನಿನ್ನ ಕೈ ಮೂಸಿ ಮೂಸಿ ನೋಡ್ತಿದ್ದೆ."

ಸೋಮವಾರ ನಾನು ಆ ಬೋರ್ಡು ಹೊತ್ತುಕೊಂಡು ಬರುತ್ತೇನೆ. ಅಲ್ಲಿಂದ ನನ್ನನ್ನು ಎಲ್ಲಿಗೆ ಕರೆದೊಯ್ದರೂ ಹೋಗುತ್ತೇನೆ. ಏಳನೆಯ ದಾರಿಯ ಹಾಳೆಗಳನ್ನು ಉಳಿದ ಎಲ್ಲ ಪ್ರತಿಗಳಿಂದ ಹರಿದುಹಾಕಿದ್ದೇನೆ. ತಂತಿ ಕಟ್ಟಿದ ತಪ್ಪಿಗೆ ನಿಮಗೆ ಎಷ್ಟು ಶಿಕ್ಷೆಯೋ ಅಷ್ಟು ಆಗಲಿ, ಅದಕ್ಕಿಂತ ಒಂದು ದಿನವೂ ಹೆಚ್ಚಾಗಬಾರದು. ಅಕ್ಕನೂ ಬರುತ್ತಾಳೆ. ನಿಮಗೆ ಏನೋ ಹೇಳಬೇಕಂತೆ, ಏನೆಂದು ನನಗೆ ಹೇಳಲಿಲ್ಲ. ಅವಳ ದನಿ ದೂರಕ್ಕೆ ಕೇಳುವುದಿಲ್ಲ. ದಯವಿಟ್ಟು ಹತ್ತಿರ ಬಾಗಿ ಕೇಳಿಸಿಕೊಳ್ಳಿ.

ನಿಮಗೆ ಉಳಿದಿರುವ ಒಂದು ಕಣ್ಣು ನೂರು ಕಾಲ ಚೆನ್ನಾಗಿರಲಿ.

ಇಂತಿ,
ನಿಮ್ಮ ಬೋರ್ಡಿನ ಮೇಲೆ ಜಾಕೆಟ್ ನೇತುಹಾಕಿದವನು